ತ್ರಿಬಲ್ ಎಕ್ಸೆಲ್ಲಿನ ಮಳೆಗಾಲ, ದೀಪಾವಳಿ

ಜೂನ್ ಬಂತೆಂದರೆ ಡೊಂಬಿವಲಿಯ ನನ್ನಂಥ ತ್ರಿಬಲ್ ಎಕ್ಸೆಲ್ ಹೆಂಗಸರು ದಪ್ಪ ಹತ್ತಿಯ ಕುರ್ತಾಗಳನ್ನು ಕಪಾಟಿಗೆ ಸೇರಿಸಬೇಕು. ಸ್ಟೇಷನ್ನಿಗೆ ಹೋಗುವಾಗ ನೆನೆದದ್ದು ಸಿಎಸ್‌ಎಂಟಿ ತಲುಪಿದರೂ ಒಣಗದು, ಮೈಗಂಟಿಕೊಂಡೇ ಇರುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಾದರೆ ಬೇಗ ಒಣಗುತ್ತದೆ. ತೊಡೆ ಉಜ್ಜಿ ಉರಿಯದಂತೆ ಒಳಗೊಂದು ಸೈಕ್ಲಿಂಗ್ ಶಾರ್ಟ್ಸ್ ಇರಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಕ್ಟೋಬರ್ ಸೆಕೆಗೆ ತೆಳು ಹತ್ತಿಯೇ ಸರಿ. ಚಳಿಗಾಲದ ಮಾತು ಬಿಡಿ, ಇಲ್ಲಿ ಸ್ವೆಟರ್ ಹೊರಬರುವುದೇ ಅಪರೂಪ.

ನಿಜವಾದ ಪರೀಕ್ಷೆ ದೀಪಾವಳಿಯ ಬೆಳಿಗ್ಗೆ. ಫಡ್ಕೆ ರೋಡಿನಲ್ಲಿ ಊರಿಗೆ ಊರೇ ಹೊಸ ಬಟ್ಟೆಯಲ್ಲಿ ನೆರೆಯುತ್ತದೆ. ಹೋದ ವರ್ಷ ಅಂಗಡಿಯೊಂದರಲ್ಲಿ ಹುಡುಗ ತಲೆಯೆತ್ತದೇ "ತುಮ್ಚಾ ಸಾಯ್ಝ್ ನಾಹಿ" ಎಂದ. ಆಮೇಲೆ ರೆಡಿಮೇಡ್ ಕಡೆಗೆ ನಾನು ಹೋಗಿಲ್ಲ. ಇಳಕಲ್ ಸೀರೆ ಯಾರ ಸೈಜನ್ನೂ ಕೇಳುವುದಿಲ್ಲ. ತೊಡಕಿರುವುದು ಗುಳೇದಗುಡ್ಡದ ಖಣದ ಕುಪ್ಪಸದಲ್ಲಿ. ಮರಾಠಿ ಗೆಳತಿಯರಿಗೂ ಅದು ಖಣವೇ. ಅದರ ಪನ್ನ ಕಡಿಮೆ, ನಮ್ಮ ಮೈಗೆ ಒಂದು ಸಾಲದು. ಎರಡು ಕೊಳ್ಳಿ, ಇಲ್ಲವೇ ಬಗಲಿಗೆ ಅದೇ ಬಣ್ಣದ ಸಾದಾ ಹತ್ತಿ ಜೋಡಿಸಲು ಹೇಳಿ. ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

"ಕಪ್ಪು ಉಡಿ, ತೆಳ್ಳಗೆ ಕಾಣ್ತೀರಿ" ಎನ್ನುವವರು ಈ ಸಲವೂ ಸಿಗುತ್ತಾರೆ. ನಾನು ದಾಳಿಂಬೆ ಕೆಂಪನ್ನು ಹೊಲಿಯಲು ಕೊಟ್ಟಾಗಿದೆ.