ಕಾಯಿಲೆ ಬಲಿತ ಮೇಲಲ್ಲ, ಮೊದಲೇ ಕಾರ್ಡು ಕೆಲಸಕ್ಕೆ ಬರಲಿ

ಮನೆಯಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ನಾವು ಹುಡುಕುವುದು ರೇಷನ್ ಕಾರ್ಡನ್ನು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ವೆಚ್ಚದ ಶೇ. 30, ಅದೂ 1.5 ಲಕ್ಷದ ಮಿತಿಯೊಳಗೆ. ಇದು ಸಣ್ಣ ನೆರವಲ್ಲ. ಆದರೆ ಯೋಜನೆ ರೂಪುಗೊಂಡಿರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ. ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡುವ ತಪಾಸಣೆಗಾಗಿ ಅಲ್ಲ.

ತಪಾಸಣೆಯೇ ಇಲ್ಲವೆಂದಲ್ಲ. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ಸಿಬ್ಬಂದಿ ಕೈಯಿಂದ ಸ್ತನ ಪರೀಕ್ಷೆ ಮಾಡಬೇಕೆಂಬುದು 2016ರಿಂದಲೇ ಸರ್ಕಾರದ ಮಾರ್ಗಸೂಚಿ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.

ಘಟ್ಟದ ಮೇಲಿನ ಕೊರಟಗೆರೆಯನ್ನೇ ನೋಡಿ. ಹಳ್ಳಿಯಲ್ಲಿ ಸಿಬ್ಬಂದಿ ಕೈಗೆ ಗಂಟು ಸಿಕ್ಕಿತು ಅನ್ನೋಣ. ಮುಂದೆ ತುಮಕೂರು, ಬೇಕಾದರೆ ಬೆಂಗಳೂರಿನ ಕಿದ್ವಾಯಿ. ಬಸ್ ಚಾರ್ಜು, ಹೋದ ದಿನದ ಕೂಲಿ, ಜೊತೆಗೊಬ್ಬರು, ಖಾಸಗಿಯಲ್ಲಾದರೆ ಮ್ಯಾಮೊಗ್ರಾಂ ಮತ್ತು ಬಯಾಪ್ಸಿ ದುಡ್ಡು. "ನೋವಿಲ್ಲವಲ್ಲ, ಆಮೇಲೆ ನೋಡುವ" ಅನ್ನುವುದು ಇಲ್ಲೇ. ಶುರುವಿನಲ್ಲಿ ನೋವಿಲ್ಲದಿರುವುದೇ ಈ ಕಾಯಿಲೆಯ ಮೋಸ.

ಅಮೆರಿಕದಲ್ಲಿ 2010ರ ಕಾನೂನಿನಂತೆ 40 ದಾಟಿದ ಹೆಂಗಸರ ಮ್ಯಾಮೊಗ್ರಾಂ ಖರ್ಚನ್ನು ಬಹುತೇಕ ಎಲ್ಲ ವಿಮೆಗಳೂ ಭರಿಸಬೇಕು. ನಮ್ಮಲ್ಲಿ ವಿಮೆ ಕೇಂದ್ರದ ಪಟ್ಟಿಯಲ್ಲಿದೆ, ಖಾಸಗಿ ಕಂಪನಿಗಳಿಗೆ ರಾಜ್ಯ ಹಾಗೆ ಹೇಳುವುದು ಸುಲಭವಲ್ಲ. ಆದರೆ ಆರೋಗ್ಯ ರಾಜ್ಯದ ವಿಷಯ. ತನ್ನದೇ ಯೋಜನೆಯನ್ನು ತಿದ್ದಲು ಯಾರ ಅಡ್ಡಿ? ಗಂಟು ಕಂಡ ದಿನದಿಂದ ಬಯಾಪ್ಸಿ ವರದಿ ಬರುವ ತನಕದ ಖರ್ಚು, ಪ್ರಯಾಣವೂ ಸೇರಿ, ಕಾರ್ಡಿನ ಮೇಲೆ ಸಿಗಬೇಕು. ಅದು ಅಧಿಕಾರಿಯ ಮರ್ಜಿಯಲ್ಲಿ ಇರದೆ ಕಾನೂನಿನ ಹಕ್ಕಾಗಬೇಕು. ಬಲಿತ ಕಾಯಿಲೆಗೆ ಲಕ್ಷಗಟ್ಟಲೆ ಕೊಡುವ ಸರ್ಕಾರಕ್ಕೆ ಇದು ಉಳಿತಾಯವೇ.

ಕಾನೂನು ಬರುವ ತನಕ ಸುಮ್ಮನಿರಬೇಕಿಲ್ಲ. ಮನೆಗೆ ಆಶಾ ಕಾರ್ಯಕರ್ತೆ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ, ತಪಾಸಣೆ ಯಾವಾಗ, ಎಲ್ಲಿ ಎಂದು ಕೇಳಿ. ಜಮಾಅತ್‌ಗಳು ರಕ್ತದಾನ ಶಿಬಿರ ಮಾಡಿಸುತ್ತವೆ, ವರ್ಷಕ್ಕೊಂದು ದಿನ ಮದ್ರಸದ ಕೋಣೆಯಲ್ಲಿ ಲೇಡಿ ಡಾಕ್ಟರಿಂದ ಇದನ್ನೂ ಮಾಡಿಸಲಿ. ಗಂಡಸರೇ, ಉಮ್ಮ ನಾಚಿಕೆಯಿಂದ ಹೇಳಲಾರರು. ನೀವೇ ಕೇಳಿ, ನೀವೇ ಕರೆದುಕೊಂಡು ಹೋಗಿ.