ಮ್ಯಾನೇಜರನ ಟೋಪಿಗೆ ವಿಶ್ವವಿದ್ಯಾಲಯದ ಮುದ್ರೆ

ತಂತ್ರಜ್ಞಾನ ನಿರ್ವಹಣೆಯಲ್ಲಿ ಎಕ್ಸಿಕ್ಯೂಟಿವ್ ಸ್ನಾತಕೋತ್ತರ ಪದವಿ ಎಂಬುದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಇಂದು ಹಣ ತರುವ ಸರಕು. ಹಗಲು ತಂಡ ನಡೆಸಿ, ಸಂಜೆಯಲ್ಲೋ ವಾರಾಂತ್ಯದಲ್ಲೋ ಪಾಠ ಕೇಳುವ ಮ್ಯಾನೇಜರುಗಳು ಇದರ ಗಿರಾಕಿಗಳು. ಮೈಸೂರು, ಸುರತ್ಕಲ್, ದಾವಣಗೆರೆಗಳಲ್ಲಿ ಇಂಜಿನಿಯರಿಂಗ್ ಓದಿ, ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನಲವತ್ತರ ಗಡಿ ಮುಟ್ಟಿದ ಕನ್ನಡಿಗರೂ ಅವರ ನಡುವೆ ಇದ್ದಾರೆ. ಪದವಿ ನೀಡುವ ಭರವಸೆ ಆಕರ್ಷಕವಾದುದೇ: ಯಂತ್ರವನ್ನು ಬಲ್ಲವರಿಗೆ ವ್ಯವಹಾರವನ್ನೂ ಕಲಿಸಿದರೆ ತಂತ್ರಜ್ಞಾನ ವಿವೇಕಿಗಳ ಕೈ ಸೇರುತ್ತದೆ. ಚರಿತ್ರೆ ಮಾತ್ರ ಈ ಭರವಸೆಗೆ ಸಾಕ್ಷಿ ನುಡಿಯುವುದಿಲ್ಲ.

1986ರ ಜನವರಿ 27ರ ರಾತ್ರಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಯ ಕುರಿತು ದೂರವಾಣಿಯಲ್ಲಿ ಸಭೆಯೊಂದು ನಡೆಯಿತು. ನೌಕೆಯ ಬೂಸ್ಟರ್ ರಾಕೆಟ್ಟುಗಳನ್ನು ತಯಾರಿಸಿದ್ದ ಮಾರ್ಟನ್ ಥಯೋಕೋಲ್ ಕಂಪನಿಯ ಇಂಜಿನಿಯರುಗಳು ಉಡಾವಣೆ ಬೇಡವೆಂದರು. ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಗೆ ಗಡುಸಾಗುತ್ತವೆ ಎಂಬುದು ಅವರ ಭಯ. ನಾಸಾ ಅಸಮಾಧಾನ ತೋರಿತು. ಆಗ ಕಂಪನಿಯ ಹಿರಿಯರು ತಮ್ಮೊಳಗೇ ಚರ್ಚೆಗೆ ಕುಳಿತರು. ಇಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ರಾಬರ್ಟ್ ಲಂಡ್ ಅವರಿಗೆ ಅವರ ಮೇಲಧಿಕಾರಿ ಕೊಟ್ಟ ಸೂಚನೆ ಈಗ ಜಗತ್ಪ್ರಸಿದ್ಧ: ಇಂಜಿನಿಯರನ ಟೋಪಿ ತೆಗೆದಿಟ್ಟು ಮ್ಯಾನೇಜರನ ಟೋಪಿ ಧರಿಸಿ. ಲಂಡ್ ಧರಿಸಿದರು. ಮರುದಿನ ಮೇಲೇರಿದ ನೌಕೆ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏಳು ಮಂದಿ ಸತ್ತರು.

ಲಂಡ್ ತಂತ್ರಜ್ಞಾನ ಅರಿಯದವರಾಗಿರಲಿಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು 2018 ಮತ್ತು 2019ರಲ್ಲಿ ಉರುಳಿ 346 ಜನ ಸತ್ತಾಗ ಕಂಪನಿಯ ಮುಖ್ಯಸ್ಥರಾಗಿದ್ದ ಡೆನಿಸ್ ಮ್ಯೂಲೆನ್‌ಬರ್ಗ್ ಕೂಡ ವೈಮಾನಿಕ ಇಂಜಿನಿಯರರೇ. ಆದರೂ ವಿಮಾನದ ಮೂತಿಯನ್ನು ತಾನೇ ಕೆಳಗೆ ತಳ್ಳುವ ತಂತ್ರಾಂಶ ಒಂದೇ ಒಂದು ಸೆನ್ಸರನ್ನು ನಂಬಿ ಕೆಲಸ ಮಾಡಿತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೂ ಇರಲಿಲ್ಲ. ಎರಡೂ ಕಡೆ ಅರಿವಿಗೆ ಕೊರತೆಯಿರಲಿಲ್ಲ. ಬಲ್ಲವರು ‘ಬೇಡ’ ಎಂದಾಗ ಆ ಮಾತು ಕೆಲಸವನ್ನು ನಿಲ್ಲಿಸುವಂಥ ಅಧಿಕಾರವಿರಲಿಲ್ಲ. ಈ ಪದವಿಗಳು ಕಲಿಸಬೇಕಾದ ಮೊದಲ ಪಾಠವಿದು. ಅವು ಜಾಣತನದಿಂದ ಬದಿಗಿಡುವ ಪಾಠವೂ ಇದೇ.

ಬದಿಗಿಡುವ ಬಗೆಯನ್ನು ನೋಡಬೇಕು. ಚಾಲೆಂಜರ್ ದುರಂತವನ್ನು ಕಾರು ರೇಸಿನ ಕಥೆಯಾಗಿ ವೇಷ ಬದಲಿಸಿ, ‘ಕಾರ್ಟರ್ ರೇಸಿಂಗ್’ ಎಂಬ ಹೆಸರಿನಲ್ಲಿ ಬಿಸಿನೆಸ್ ಶಾಲೆಗಳು ದಶಕಗಳಿಂದ ಪಾಠ ಮಾಡುತ್ತಿವೆ. ಚಳಿಯಲ್ಲಿ ಎಂಜಿನ್ ಕೈಕೊಡಬಹುದು. ರೇಸಿಗೆ ಇಳಿಯಬೇಕೆ, ಬೇಡವೆ? ವಿದ್ಯಾರ್ಥಿಯನ್ನು ಕೂರಿಸುವುದು ತೀರ್ಮಾನಿಸುವವನ ಕುರ್ಚಿಯಲ್ಲಿ. ಎಚ್ಚರಿಕೆ ಹೇಳಿಯೂ ಸೋಲುವ ಮೆಕ್ಯಾನಿಕ್ಕಿನ ಜಾಗದಲ್ಲಿ ಅವನು ಕೂರುವುದಿಲ್ಲ. ಅಂಕಿ-ಅಂಶವನ್ನು ಸರಿಯಾಗಿ ಓದಿದ್ದರೆ ಜೀವಗಳು ಉಳಿಯುತ್ತಿದ್ದವು ಎಂಬ ನೀತಿಯೊಂದಿಗೆ ತರಗತಿ ಮುಗಿಯುತ್ತದೆ. ಅಂಕಿ-ಅಂಶವನ್ನು ಓದಿದವರ ಬಾಯಿ ಮುಚ್ಚಿಸಿದವರು ಯಾರು ಎಂಬ ಪ್ರಶ್ನೆ ಕಥೆಯ ಹೊರಗೇ ಉಳಿಯುತ್ತದೆ.

ಟೋಪಿ ಬದಲಿಸುವುದು ಬರಿಯ ಮನೋಧರ್ಮದ ಮಾತಲ್ಲ, ಕಾನೂನಿನ ಮಾತು. ಸಂಘ ಕಟ್ಟುವ ನೌಕರರಿಗೆ 1935ರ ಕಾಯ್ದೆ ಕೊಟ್ಟ ರಕ್ಷಣೆಯಿಂದ ಮೇಲ್ವಿಚಾರಕರನ್ನು 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಹೊರಗಿಟ್ಟಿತು. 1974ರಲ್ಲಿ ಸುಪ್ರೀಂ ಕೋರ್ಟು ಮ್ಯಾನೇಜರುಗಳನ್ನೂ ಹೊರಗಿಟ್ಟಿತು. 1980ರ ಯೆಶಿವಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಲ್ಲಿನ ಪ್ರಾಧ್ಯಾಪಕರು ಕೂಡ ಮ್ಯಾನೇಜರುಗಳೆಂದೇ ತೀರ್ಪಾಯಿತು. ಬಡ್ತಿ ಪಡೆದ ಇಂಜಿನಿಯರ್ ಜತೆಗಾರರಿಂದ ಬೇರೆಯಾಗುವುದು ಹೀಗೆ. ಆ ಬೇರ್ಪಡೆಗೆ ಪದವಿ ಗೌರವದ ಮುದ್ರೆ ಒತ್ತುತ್ತದೆ.

ಮುದ್ರೆಗೆ ಬೆಲೆಯೂ ಇದೆ. ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ವಿಜ್ಞಾನ ಸ್ನಾತಕೋತ್ತರ ಪದವಿಯ ಒಟ್ಟು ಶುಲ್ಕ ಸುಮಾರು 7,000 ಡಾಲರ್. ತಂತ್ರಜ್ಞಾನವನ್ನೇ ಕಲಿಯಲು ಇಷ್ಟು ಸಾಕಾದರೆ, ಅದನ್ನು ‘ನಿರ್ವಹಿಸಲು’ ಕಲಿಯುವುದಕ್ಕೆ ಅದರ ಹಲವು ಪಟ್ಟು ಏಕೆ ತೆರಬೇಕು? ಹೆಚ್ಚಿನ ಹಣ ಹೋಗುವುದು ಪಾಠಕ್ಕಲ್ಲ, ಸ್ಥಾನಕ್ಕೆ. ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ.

ವಲಸಿಗರ ಸ್ಥಿತಿ ಬೇರೆ, ಅವರಿಗೆ ಉಪದೇಶ ಸುಲಭ ಎಂಬ ಆಕ್ಷೇಪಕ್ಕೆ ತೂಕವಿದೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನಗಳ ಗಡುವು. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ವರ್ಷಗಟ್ಟಲೆ ಉದ್ದ. ಇಂಥವರಿಗೆ ಇನ್ನೊಂದು ಪದವಿ ಆಪತ್ಕಾಲದ ಆಸರೆಯಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಆಸರೆಯೇ ಹಗ್ಗವೂ ಆಗುತ್ತದೆ. ಶುಲ್ಕ ಭರಿಸುವ ಕಂಪನಿಗಳಲ್ಲಿ ಎಷ್ಟೋ, ಇಂತಿಷ್ಟು ಕಾಲದೊಳಗೆ ಕೆಲಸ ಬಿಟ್ಟರೆ ಹಣ ಮರಳಿಸಬೇಕೆಂದು ಬರೆಸಿಕೊಳ್ಳುತ್ತವೆ. ವೀಸಾದ ಗಂಟಿನ ಮೇಲೆ ಸಾಲದ ಗಂಟು ಬಿದ್ದ ಮೇಲೆ ‘ಬೇಡ’ ಎನ್ನುವ ನಾಲಗೆ ಇನ್ನಷ್ಟು ಭಾರವಾಗುತ್ತದೆ.

ಆ ಭಾರ ಕಡೆಗೆ ಇಳಿಯುವುದು ಬೆಂಗಳೂರಿನ ಹೆಗಲ ಮೇಲೆ. ಅಮೆರಿಕದಲ್ಲಿ ಕುಳಿತ ಮ್ಯಾನೇಜರ್ ಒಪ್ಪಿಕೊಂಡ ಗಡುವನ್ನು ಮುಟ್ಟಿಸಲು ಅಲ್ಲಿನ ತಂಡ ರಾತ್ರಿಗಳನ್ನು ತೆರುತ್ತದೆ. ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ 2024ರ ಜುಲೈಯಲ್ಲಿ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದ್ದು ಐಟಿ ನೌಕರರ ಸಂಘ ಕೆಐಟಿಯು. ಅತಿದುಡಿಮೆ ಎಲ್ಲಿ ಅಪಾಯವಾಗುತ್ತದೆಂದು ಅವರಿಗೆ ಹೇಳಿಕೊಡಲು ಯಾವ ಎಕ್ಸಿಕ್ಯೂಟಿವ್ ತರಗತಿಯೂ ಬೇಕಾಗಲಿಲ್ಲ.

ಆದ್ದರಿಂದ ಈ ಪದವಿಗೆ ಹಣ ಕಟ್ಟುವ ಅನಿವಾಸಿ ಕನ್ನಡಿಗರು ವಿಶ್ವವಿದ್ಯಾಲಯವನ್ನು ಕೇಳಬೇಕಾದ ಪ್ರಶ್ನೆಗಳಿವೆ. ಪಾಠಪಟ್ಟಿಯಲ್ಲಿ ಕಾರ್ಮಿಕ ಕಾನೂನು ಇದೆಯೆ? ಸಂಘಟಿತ ನೌಕರರು ಅತಿಥಿ ಉಪನ್ಯಾಸಕ್ಕಾದರೂ ಬರುತ್ತಾರೆಯೆ? ಕೆಲಸ ನಿಲ್ಲಿಸಿ ಎಂದ ಇಂಜಿನಿಯರನ ಮಾತನ್ನು ಮೇಲಧಿಕಾರಿ ತಳ್ಳಿಹಾಕಲಾಗದಂಥ ವ್ಯವಸ್ಥೆಯನ್ನು ಕಟ್ಟುವುದು ಹೇಗೆಂದು ಯಾರಾದರೂ ಕಲಿಸುತ್ತಾರೆಯೆ? ಉತ್ತರ ಇಲ್ಲವೆಂದಾದರೆ, ಅಲ್ಲಿ ಮಾರಾಟವಾಗುತ್ತಿರುವುದು ವಿದ್ಯೆಯಲ್ಲ, ಕೇಳಿಸಿಕೊಳ್ಳದಿರುವ ಪರವಾನಗಿ.