ಗುರುವಿನೆದುರು ಬಾಯಿ ಬಿಟ್ಟು

ಸಂಗೀತ ಪಾಠದ ಮನೆಗಳಲ್ಲಿ ಜಗಳ ಆಗುವುದು ಅಪರೂಪ. ಶಿಷ್ಯ ಬರುವುದನ್ನೇ ನಿಲ್ಲಿಸಿಬಿಡುತ್ತಾನೆ. ಒಂದು ವಾರ ನೆಗಡಿ, ಮುಂದಿನ ವಾರ ಶಾಲೆಯ ಪರೀಕ್ಷೆ, ಆಮೇಲೆ ಫೋನೂ ಇಲ್ಲ. ಏನಾಯಿತೆಂದು ಮೇಷ್ಟ್ರಿಗೆ ಕೊನೆಗೂ ತಿಳಿಯುವುದಿಲ್ಲ. ಗುರುವಿಗೆ ಎದುರಾಡಬಾರದೆಂಬ ಸಂಕೋಚದಿಂದ ಬಂದ ಈ ಮೌನವನ್ನು ಭಕ್ತಿಯೆಂದು ನಾನು ಒಪ್ಪಲಾರೆ.

ಹಾಡಿನ ವಿಷಯದಲ್ಲಿ ಶಿಷ್ಯ ಕಾಯಬೇಕು, ಗಂಟಲಿನ ವಿಷಯದಲ್ಲಿ ಒಂದು ದಿನವೂ ಕಾಯಬಾರದು.

ಈಗಿನ ಮಕ್ಕಳು ಪಾಠವಾದ ಕೃತಿಯನ್ನು ಅಂದೇ ಯೂಟ್ಯೂಬಿನಲ್ಲಿ ಕೇಳುತ್ತಾರೆ. ‘ಅಲ್ಲಿ ಬೇರೆ ಥರ ಇದೆಯಲ್ಲ ಮೇಡಂ’ ಎಂಬ ಪ್ರಶ್ನೆ ಏಳುತ್ತದೆ. ಬೇರೆ ಥರ ಇರಲೇಬೇಕು. ತ್ಯಾಗರಾಜರ ಕೃತಿಗಳೇ ಉಮಯಾಳಪುರಂ, ವಾಲಾಜಪೇಟೆ, ತಿಲ್ಲೈಸ್ಥಾನಂ ಎಂಬ ಶಿಷ್ಯ ಪರಂಪರೆಗಳಲ್ಲಿ ಬೇರೆ ಬೇರೆಯಾಗಿ ಹರಿದು ಬಂದಿವೆ. ‘ನಮ್ಮ ಗುರುಗಳು ಹೀಗೇ ಹೇಳಿಕೊಟ್ಟರು’ ಎನ್ನುವುದು ಎಷ್ಟೋ ಸಲ ಪ್ರಾಮಾಣಿಕವಾದ, ಪೂರ್ತಿ ಉತ್ತರ. ಒಂದು ಸಂಗತಿ ಏಕೆ ಅಲ್ಲೇ ನಿಲ್ಲಬೇಕೆಂಬುದು ಅದನ್ನು ತಿಂಗಳುಗಟ್ಟಲೆ ಹಾಡಿದ ಕಿವಿಗೆ ಮಾತ್ರ ಹೊಳೆಯುತ್ತದೆ. ಮೊದಲು ಗುರುವಿನ ಪಾಠಾಂತರ ಗಟ್ಟಿಯಾಗಲಿ, ಆಮೇಲೆ ಕೇಳಲಿ. ಕೇಳಿದವನನ್ನು ಗದರಿಸುವ ಗುರುವಿಗಾದರೂ ಹೇಳಬೇಕಾದದ್ದು ಇದೆ: ಪ್ರಶ್ನೆ ಬಂತೆಂದರೆ ಹುಡುಗ ಮನೆಯಲ್ಲೂ ಸಂಗೀತ ಕೇಳುತ್ತಿದ್ದಾನೆ.

ಶ್ರುತಿಯ ಮಾತು ಹಾಗಲ್ಲ. ಮನೆಪಾಠದಲ್ಲಿ ಎಂಟು ಹತ್ತು ಮಕ್ಕಳು ಒಂದೇ ಶ್ರುತಿಗೆ ಕೂತು ಹಾಡುತ್ತಾರೆ, ಸಾಮಾನ್ಯವಾಗಿ ಅದು ಗುರುವಿಗೆ ಹೊಂದುವ ಶ್ರುತಿ. ಗಂಡಸರ ಶ್ರುತಿಯಲ್ಲಿ ಹಾಡುವ ಹುಡುಗಿಗೆ ಮಂದ್ರದ ಸ್ವರಗಳು ಕೇಳಿಸದಷ್ಟು ಕ್ಷೀಣವಾಗುತ್ತವೆ. ಹದಿಮೂರು ಹದಿನಾಲ್ಕರ ಹುಡುಗನ ಕಂಠ ಒಡೆದು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆಗಲೂ ಹಳೆಯ ಶ್ರುತಿಯಲ್ಲೇ ತಾರಸ್ಥಾಯಿ ಗಾಂಧಾರಕ್ಕೆ ಎಳೆದರೆ ಗಂಟಲು ಬಿಗಿಯುತ್ತದೆ, ದನಿ ಒರಟಾಗುತ್ತದೆ. ‘ಸಾಧನೆ ಸಾಲದು’ ಎಂಬ ಮಾತು ಕೇಳಿ ಅವನು ಇನ್ನಷ್ಟು ಕಿರುಚುತ್ತಾನೆ. ಎಷ್ಟು ಒಳ್ಳೆಯ ಹುಡುಗರು ಈ ವಯಸ್ಸಿನಲ್ಲೇ ಹಾಡು ಬಿಟ್ಟರೋ ಎಂದು ನೆನೆದರೆ ಸಂಕಟವಾಗುತ್ತದೆ. ನೋವು ಸಾಧನೆಯ ಗುರುತಲ್ಲ. ಪಾಠ ಮುಗಿದು ಉಳಿದವರು ಹೊರಟ ಮೇಲೆ, ‘ಮೇಲಿನ ಷಡ್ಜಕ್ಕೇ ಗಂಟಲು ನೋಯುತ್ತೆ ಸಾರ್, ಶ್ರುತಿ ಇಳಿಸಿ ನೋಡೋಣವೇ?’ ಎಂದರೆ ಸಾಕು. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸುವಷ್ಟೇ ಕೆಲಸ ಅದು. ಹುಡುಗನಿಗೆ ಬಾಯಿ ಬರದಿದ್ದರೆ ಅಪ್ಪ ಅಮ್ಮ ಹೇಳಬೇಕು.

ತಿಂಗಳ ಫೀಸು, ತಪ್ಪಿದ ಪಾಠ, ಪರೀಕ್ಷೆಗೆ ಕೂರಿಸುವುದು ಇಂಥವನ್ನು ಸೇರುವ ದಿನವೇ ಮಾತಾಡಿಕೊಳ್ಳಬಹುದು. ದುಡ್ಡಿನ ಮಾತೆತ್ತಿದರೆ ಸರಸ್ವತಿಗೆ ಅಪಚಾರವಾಗುವುದಿಲ್ಲ.

ಇಷ್ಟಾಗಿಯೂ ಹೊಂದದಿದ್ದರೆ? ಬೇರೆ ಗುರುವಿನಲ್ಲಿಗೆ ಹೋಗಬಹುದು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತವರು. ಆಮೇಲೆ ಜೈಪುರ ಘರಾಣೆಯ ಮಂಜೀಖಾನರಲ್ಲಿ ಕಲಿತರು. 1937ರಲ್ಲಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜೀಖಾನರ ಶಿಷ್ಯರಾದರು. ಅವರದು ಜಗಳದ ಕಥೆಯಲ್ಲ. ಆದರೆ ಎರಡನೆಯ ಗುರುವಿನ ಮನೆಗೆ ಹೋದರೆ ಮೊದಲನೆಯವರಿಗೆ ದ್ರೋಹವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಅದರಿಂದ ಕಾಣುತ್ತದೆ. ಹೋಗುವವನು ಎದುರಿಗೆ ಕೂತು ಕಾರಣ ಹೇಳಿಯೇ ಹೋಗಲಿ. ಕಳಿಸುವ ಗುರುವೂ ಹುಡುಗ ಯಾವ ವರ್ಣದವರೆಗೆ ಬಂದಿದ್ದಾನೆ, ಎಲ್ಲಿ ತಾಳ ತಪ್ಪುತ್ತಾನೆ ಎಂಬುದನ್ನು ಮುಂದಿನವರಿಗೆ ತಿಳಿಸಿದರೆ ಆ ಮಗು ಸರಳೆವರಸೆಯಿಂದ ಮತ್ತೆ ಶುರು ಮಾಡಬೇಕಾಗುವುದಿಲ್ಲ.